ಖುದ್ದು ಹಾಜರಿ

ಲೈನ್‌ಮನ್ ಮೀಟರಿನ ಪಕ್ಕದ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡಾಗ ಬೆಳಿಗ್ಗೆ ಹತ್ತೂಕಾಲು ಗಂಟೆ. ಒಳಕೋಣೆಯಲ್ಲಿ ಮೊಟ್ಟೆ ಮರಿಮಾಡುವ ಕಾವುಪೆಟ್ಟಿಗೆಯಲ್ಲಿ ಹಗಲಿರುಳು ಗುಂಯ್‌ಗುಡುತ್ತಿದ್ದ ಫ್ಯಾನು ಇನ್ನೆರಡು ಸುತ್ತು ತನ್ನ ಪಾಡಿಗೆ ತಿರುಗಿ ನಿಂತಿತು. ಮರಿಯಕ್ಕ ಅಡುಗೆಮನೆಯಲ್ಲಿದ್ದಳು. ಸದ್ದಾದರೆ ಬೆಚ್ಚಿಬೀಳುವವರು ಬೇಕಾದಷ್ಟು ಜನ ಇದ್ದಾರೆ. ಅವಳಿಗೆ ಮಾತ್ರ ಆ ಫ್ಯಾನಿನ ಸದ್ದು ನಿಂತರೆ ಎದೆ ಧಸಕ್ಕೆನ್ನುತ್ತಿತ್ತು. ಒದ್ದೆ ಕೈಯಲ್ಲೇ ಹೊರಗೋಡಿ ಬಂದಳು.

ಲೈನ್‌ಮನ್ ಪರಿಚಯದವನೇ. ಹೋದ ವರ್ಷ ಅವಳಿಂದ ಇಪ್ಪತ್ತು ಕೋಳಿಮರಿ ಕೊಂಡುಹೋಗಿ ಹಿತ್ತಲಲ್ಲಿ ಸಾಕಿದ್ದವನು. ಅವಳ ಮುಖ ನೋಡಲಾರದೆ ಕೈಯಲ್ಲಿದ್ದ ಪಟ್ಟಿಯನ್ನು ಮುಂದಕ್ಕೆ ಚಾಚಿದ. ಪಟ್ಟಿಯಲ್ಲಿ ಅವಳ ಅಪ್ಪನ ಹೆಸರು, ಮೀಟರ್ ನಂಬರು, ಅದರೆದುರು ಎರಡೇ ಪದ: ಖುದ್ದು ಹಾಜರಿಲ್ಲ.

ಬಿಲ್ಲು ಕಟ್ಟಿಲ್ಲವೆಂದು ಕರೆಂಟು ಕಿತ್ತಿದ್ದರೆ ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಆ ಮನೆಯಲ್ಲಿ ಬಿಲ್ಲು ಒಂದು ದಿನವೂ ತಡವಾದದ್ದಿಲ್ಲ. ಎಂಟು ತಿಂಗಳ ಹಿಂದೆ ವಿದ್ಯುತ್ ಕಂಪನಿಯವರು ಒಂದು ಹೊಸ ನಿಯಮ ತಂದಿದ್ದರು. ಸತ್ತವರ ಹೆಸರಿನಲ್ಲಿ ಓಡುತ್ತಿರುವ ಮೀಟರುಗಳು ಬಹಳ ಇವೆ, ಆದ್ದರಿಂದ ಪ್ರತಿಯೊಬ್ಬ ಗ್ರಾಹಕನೂ ಕಚೇರಿಗೆ ಖುದ್ದಾಗಿ ಬಂದು ಬೆರಳಚ್ಚು ಕೊಟ್ಟು, ತಾನು ಬದುಕಿದ್ದೇನೆ ಎಂದು ತೋರಿಸಬೇಕು ಎಂಬುದು ಅದರ ಸಾರ. ಮರಿಯಕ್ಕನ ಮನೆಯ ಮೀಟರು ಅಪ್ಪನ ಹೆಸರಿನಲ್ಲಿತ್ತು. ಅಪ್ಪ ಬದುಕಿದ್ದ, ಚೆನ್ನಾಗಿಯೇ ಬದುಕಿದ್ದ. ಆದರೆ ಮೂವತ್ತು ವರ್ಷ ಬಸ್ಸು ಓಡಿಸಿದ ಆ ಮನುಷ್ಯ ನಾಲ್ಕು ವರ್ಷದ ಹಿಂದೆ ಏಣಿಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ. ಸೊಂಟದಿಂದ ಮೇಲಕ್ಕೆ ಗಟ್ಟಿಮುಟ್ಟು. ಕೆಳಗೆ ಏನೂ ಇಲ್ಲ. ಕಂಪನಿಯ ಕಚೇರಿ ಇದ್ದದ್ದು ಮೂರನೇ ಮಹಡಿಯಲ್ಲಿ.

ಅಪ್ಪ ಮಗಳು ಸುಮ್ಮನೆ ಕೂತಿರಲಿಲ್ಲ. ಐದು ತಿಂಗಳ ಹಿಂದೆ ಒಮ್ಮೆ ಹೋಗಿದ್ದರು. ಕೆಳಗೆ ಮೂಟೆ ಹೊರುವ ಇಬ್ಬರನ್ನು ಕರೆದು, ಗಾಲಿಕುರ್ಚಿಯ ಸಮೇತ ಅಪ್ಪನನ್ನು ಹೊರಿಸಿದ್ದಳು. ಮೊದಲ ತಿರುವಿನಲ್ಲೇ ಒಬ್ಬನ ಕಾಲು ಜಾರಿತು. ಕುರ್ಚಿ ವಾಲಿ, ಅಪ್ಪನ ತಲೆ ಗೋಡೆಗೆ ಬಡಿದು, ಮೈಮೇಲಿನ ಬಟ್ಟೆಯೆಲ್ಲ ಸರಿದುಹೋಗಿ, ಹತ್ತಾರು ಜನ ನೋಡುತ್ತಿದ್ದಂತೆ ಅವನು ಮೆಟ್ಟಿಲ ಮೇಲೆ ಮಗುಚಿಬಿದ್ದಿದ್ದ. ಹಣೆಯ ಗಾಯ ವಾರದಲ್ಲಿ ಮಾಯಿತು. ಆದರೆ ಅವತ್ತಿನಿಂದ ಅಪ್ಪ ಮನೆಯ ಹೊಸಿಲು ದಾಟಿರಲಿಲ್ಲ. ಇನ್ನು ತನ್ನನ್ನು ಹೊರುವುದು ಒಂದೇ ಸಲ, ಆಗ ಬೇಡ ಅನ್ನುವುದಕ್ಕೆ ತಾನಿರುವುದಿಲ್ಲ ಎಂದು ಹೇಳಿಬಿಟ್ಟಿದ್ದ. ಆಮೇಲೆ ಮರಿಯಕ್ಕ ಡಾಕ್ಟರ ಪತ್ರ ಲಗತ್ತಿಸಿ ಎರಡು ಅರ್ಜಿ ಬರೆದಿದ್ದಳು, ಯಾರಾದರೂ ಮನೆಗೇ ಬಂದು ಬೆರಳಚ್ಚು ತೆಗೆದುಕೊಳ್ಳಿ ಎಂದು. ಎರಡಕ್ಕೂ ‘ತಲುಪಿದೆ’ ಎಂಬ ಮೊಹರು ಬಿದ್ದಿತ್ತು, ಅಷ್ಟೇ. ಉತ್ತರ ಬಂದದ್ದು ಇವತ್ತು, ಲೈನ್‌ಮನ್ ರೂಪದಲ್ಲಿ.

“ಅಕ್ಕ, ನನ್ನ ಕೈಲೇನೂ ಇಲ್ಲ,” ಅಂದ ಅವನು. “ಐದು ಗಂಟೆ ತನಕ ನಾನು ಇದೇ ಬೀದಿಗಳಲ್ಲಿ ಇರ್ತೀನಿ. ಆಫೀಸಿಂದ ಒಂದು ಫೋನ್ ಬಂದ್ರೆ ಸಾಕು, ಓಡಿ ಬಂದು ಹಾಕ್ತೀನಿ. ಪಕ್ಕದ ಮನೆಯಿಂದ ಮಾತ್ರ ವೈರ್ ಎಳೀಬೇಡಿ. ಗೊತ್ತಾದ್ರೆ ಅವರದ್ದೂ ಕಿತ್ತುಹಾಕ್ತಾರೆ.”

ಪಕ್ಕದ ಮನೆಯ ದರ್ಜಿ ಆಗಲೇ ವೈರಿನ ಸುರುಳಿ ಹಿಡಿದು ಬೇಲಿಯ ಹತ್ತಿರ ಬಂದಾಗಿತ್ತು. ಅವನದ್ದೂ ಕರೆಂಟಿನ ಮೇಲೆ ನಡೆಯುವ ಹೊಲಿಗೆ ಯಂತ್ರ, ಮನೆ ತುಂಬ ಮಕ್ಕಳು. ಮರಿಯಕ್ಕ ಬೇಡವೆಂದು ತಲೆಯಾಡಿಸಿದಳು.

ಪೆಟ್ಟಿಗೆಯಲ್ಲಿ ಐನೂರ ನಲವತ್ತು ಮೊಟ್ಟೆಗಳಿದ್ದವು. ಕೋಳಿಮೊಟ್ಟೆ ಒಡೆಯುವುದು ಇಪ್ಪತ್ತೊಂದನೇ ದಿನ, ಅವತ್ತು ಇಪ್ಪತ್ತನೆಯದು. ಮೊದಲ ವಾರವಾಗಿದ್ದರೆ ಮೊಟ್ಟೆ ಹೋಯಿತು ಅಂದುಕೊಳ್ಳಬಹುದಿತ್ತು. ಈಗ ಒಳಗಿದ್ದದ್ದು ರೆಕ್ಕೆ, ಕೊಕ್ಕು, ಉಗುರು ಎಲ್ಲ ಮೂಡಿದ ಮರಿಗಳು. ಬೆಳಿಗ್ಗೆ ಅವಳು ನೋಡಿದಾಗಲೇ ನಾಲ್ಕೈದು ಚಿಪ್ಪಿನ ಮೇಲೆ ಸಣ್ಣ ಬಿರುಕು ಕಾಣಿಸಿತ್ತು, ಕಿವಿಯಿಟ್ಟರೆ ಒಳಗಿಂದ ಚಿಂವ್ ಅನ್ನುವುದೂ ಕೇಳುತ್ತಿತ್ತು. ದೊಡ್ಡ ಕೋಳಿಫಾರಂ ಒಂದರಲ್ಲಿ ಹನ್ನೊಂದು ವರ್ಷ ದುಡಿದು, ಅದು ಮುಚ್ಚಿದಾಗ ಅವರ ಹಳೆಯ ಪೆಟ್ಟಿಗೆಯನ್ನೇ ಕೊಂಡುತಂದವಳು ಅವಳು. ಮೂವತ್ತೇಳೂವರೆ ಡಿಗ್ರಿ ಇರಬೇಕಾದದ್ದು ಮೂವತ್ತೆರಡಕ್ಕೆ ಇಳಿದು ಅಲ್ಲೇ ನಿಂತರೆ ಏನಾಗುತ್ತದೆ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಮರಿ ಚಿಪ್ಪು ಕುಕ್ಕುತ್ತಾ ಕುಕ್ಕುತ್ತಾ ಸುಸ್ತಾಗಿ ಒಳಗೇ ಮಲಗಿಬಿಡುತ್ತದೆ.

ಒಳಗೆ ಬಂದಾಗ ಅಪ್ಪ ಗಾಲಿಕುರ್ಚಿಯಲ್ಲಿ ಅಂಗಿ ಬದಲಿಸುತ್ತಿದ್ದ. ಹೊರಗಿನ ಮಾತೆಲ್ಲ ಅವನಿಗೆ ಕೇಳಿಸಿತ್ತು.

“ಗಾಡಿ ಕರೆಸು, ಹೋಗೋಣ,” ಅಂದ. “ಹೊರೋ ಮಾತು ಮಾತ್ರ ಎತ್ತಬೇಡ.”

ಮನೆಯಲ್ಲಿ ಅಪ್ಪನ ತಂಗಿ, ಅಂದರೆ ಅವಳ ಅತ್ತೆ ಇದ್ದಳು. ಅತ್ತೆಗೆ ಕೋಳಿಯೆಂದರೆ ಅಷ್ಟಕ್ಕಷ್ಟೆ, ಗಲೀಜು ಪ್ರಾಣಿ ಅನ್ನುವವಳು. ಮರಿಯಕ್ಕ ಅವಳನ್ನು ಪೆಟ್ಟಿಗೆಯ ಮುಂದೆ ಕೂರಿಸಿ, ಹೇಗೆ ಕಂಬಳಿ ಹೊದಿಸಬೇಕು, ಗಾಳಿ ಕಿಂಡಿಗಳನ್ನು ಎಷ್ಟು ಬಿಡಬೇಕು, ಗ್ಯಾಸಿನ ಮೇಲೆ ನೀರು ಕಾಯಿಸಿ ಬಾಟಲಿಗೆ ತುಂಬಿ ತಳದ ತಟ್ಟೆಯಲ್ಲಿ ಹೇಗಿಡಬೇಕು ಎಂದು ಎರಡೆರಡು ಸಲ ಹೇಳಿದಳು. ಬಾಗಿಲನ್ನು ತೆರೆಯಲೇಬಾರದು, ಗಾಜಿನಿಂದಲೇ ಡಿಗ್ರಿ ನೋಡಿ ಅರ್ಧ ಗಂಟೆಗೊಮ್ಮೆ ಫೋನ್ ಮಾಡಬೇಕು. ಅತ್ತೆ ಕನ್ನಡಕ ಹಾಕಿಕೊಂಡು, ತನಗೆ ಎಪ್ಪತ್ತು ವರ್ಷವಾದ ಮೇಲೆ ಕಾವು ಕೂರುವ ಯೋಗ ಬಂತಲ್ಲ ಅಂದಳು. ಯಾರೂ ನಗಲಿಲ್ಲ. ಅವಳೂ ನಗಿಸಲೆಂದು ಹೇಳಿರಲಿಲ್ಲ.

ಸಾಮಾನು ಸಾಗಿಸುವ ಮೂರು ಚಕ್ರದ ಗಾಡಿಯೊಂದು ಸಿಕ್ಕಿತು. ಅದರ ಹಿಂಬದಿಗೆ ಎರಡು ಹಲಗೆ ಹಾಸಿ ಕುರ್ಚಿಯನ್ನು ಹತ್ತಿಸಿದರು. ಕಚೇರಿ ತಲುಪಿದಾಗ ಹನ್ನೊಂದೂ ಇಪ್ಪತ್ತು. ಹಿಂದೆ ಇದೇ ಕಟ್ಟಡದ ಕೆಳಗಿನ ಅಂತಸ್ತಿನಲ್ಲೇ ಕಂಪನಿಯ ಕೌಂಟರ್ ಇತ್ತು. ರಸ್ತೆಯಿಂದ ನೇರ ಒಳಗೆ ನಡೆದು ಕೆಲಸ ಮುಗಿಸಿಕೊಂಡು ಬರಬಹುದಿತ್ತು. ಎರಡು ವರ್ಷದ ಹಿಂದೆ ಆ ಜಾಗವನ್ನು ಮಂಚ, ಸೋಫಾ ಮಾರುವ ಅಂಗಡಿಗೆ ಬಾಡಿಗೆಗೆ ಕೊಟ್ಟು ಕೌಂಟರನ್ನು ಮೇಲಕ್ಕೇರಿಸಿದ್ದರು. ಲಿಫ್ಟ್ ಇತ್ತು. ಅದರ ಜಾಲರಿ ಬಾಗಿಲಿಗೆ ಬೀಗ ಹಾಕಿತ್ತು, ಒಳಗೆ ಹಳೆಯ ಕಡತದ ಕಟ್ಟುಗಳನ್ನು ಚಾವಣಿಯವರೆಗೂ ಪೇರಿಸಿದ್ದರು.

ಕಾವಲುಗಾರ ಅಪ್ಪನ ಕುರ್ಚಿಯನ್ನು ಮೆಟ್ಟಿಲ ಬುಡದಲ್ಲಿ ಗೋಡೆಗೆ ಒತ್ತರಿಸಿ ನಿಲ್ಲಿಸಿಕೊಟ್ಟ. ಮರಿಯಕ್ಕ ಅರ್ಜಿಗಳ ಕಟ್ಟು ಹಿಡಿದು ಮೇಲೆ ಓಡಿದಳು. ಐವತ್ತನಾಲ್ಕು ಮೆಟ್ಟಿಲು.

ಮೇಲೆ ಉದ್ದನೆಯ ಸಾಲಿತ್ತು. ಸಾಲಿನಲ್ಲಿ ಊರುಗೋಲು ಗೋಡೆಗೊರಗಿಸಿ ನೆಲದ ಮೇಲೆ ಕೂತ ಮುದುಕಿಯೊಬ್ಬಳಿದ್ದಳು, ತುಂಬು ಬಸುರಿಯೊಬ್ಬಳು ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ನಿಂತಿದ್ದಳು. ಮರಿಯಕ್ಕ ಎಲ್ಲರಲ್ಲೂ ಕ್ಷಮೆ ಕೇಳುತ್ತಾ ಕಿಟಕಿಯ ತನಕ ಹೋಗಿ, ಒಳಗಿದ್ದ ಗುಮಾಸ್ತನಿಗೆ ವಿಷಯ ತಿಳಿಸಿದಳು. ಗ್ರಾಹಕ ಕೆಳಗೇ ಇದ್ದಾರೆ, ಬಂದಿದ್ದಾರೆ, ಬೆರಳಚ್ಚಿನ ಯಂತ್ರವನ್ನು ಒಂದೇ ಒಂದು ನಿಮಿಷ ಕೆಳಗೆ ತಂದರೆ ಸಾಕು. ಗುಮಾಸ್ತ ಕೆಟ್ಟವನಲ್ಲ, ಅರ್ಜಿಗಳನ್ನೆಲ್ಲ ತಿರುವಿ ನೋಡಿದ. ಯಂತ್ರವನ್ನು ಮೇಜಿಗೆ ಜೋಡಿಸಿದೆ, ಕದಲಿಸುವ ಹಾಗಿಲ್ಲ, ಮೇಲಿನವರ ಆದೇಶ ಅಂದ. ಮೇಲಿನವರು ಅಂದರೆ ಮ್ಯಾನೇಜರ್. ಅವರು ಮೀಟಿಂಗಿನಲ್ಲಿದ್ದರು. ಮೀಟಿಂಗು ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂದರೆ ಮುಗಿದಾಗ ಅಂದ. ಟೋಕನ್ ಹರಿದು ಕೈಗಿತ್ತ. ನಲವತ್ತೊಂದು. ಆಗ ನಡೆಯುತ್ತಿದ್ದದ್ದು ಹತ್ತೊಂಬತ್ತು.

ಅಷ್ಟರಲ್ಲಿ ಅತ್ತೆಯ ಮೊದಲ ಫೋನು ಬಂತು. ಮೂವತ್ತಾರಿದೆ, ಒಳಗೆ ಒಂದೇ ಸಮನೆ ಚಿಂವ್‌ಗುಡುತ್ತಿವೆ ಅಂದಳು.

ಮುಕ್ಕಾಲು ಗಂಟೆ ಕಾದಳು. ಮ್ಯಾನೇಜರ ಕೋಣೆಯ ಬಾಗಿಲು ತೆರೆಯಲಿಲ್ಲ. ಎರಡನೆಯ ಫೋನಿಗೆ ಮೂವತ್ತೈದು. ಮರಿಯಕ್ಕ ಕೆಳಗಿಳಿದು ಬಂದಳು. ಬೀದಿಯಲ್ಲಿ ಐದು ತಿಂಗಳ ಹಿಂದಿನ ಅದೇ ಹಮಾಲಿಗಳು ಸೋಫಾ ಇಳಿಸುತ್ತಿದ್ದರು. ಅವಳ ಕಣ್ಣು ಅತ್ತ ಹೋದದ್ದನ್ನು ಅಪ್ಪ ನೋಡಿದ.

“ಬೇಡ,” ಅಂದ.

“ಅಪ್ಪ, ಐದು ನಿಮಿಷದ ಕೆಲಸ. ಈ ಸಲ ನಾನೇ ಹಿಂದೆ ಹಿಡ್ಕೋತೀನಿ.”

“ಬೇಡ ಅಂದೆ.”

ಅವಳಿಗೆ ಬೆಳಿಗ್ಗೆಯಿಂದ ತಡೆದಿಟ್ಟದ್ದೆಲ್ಲ ಒಮ್ಮೆಲೇ ಉಕ್ಕಿತು. ದನಿ ಎತ್ತಲಿಲ್ಲ. ಎತ್ತಿದ್ದರೆ ವಾಸಿಯಿತ್ತೇನೋ.

“ಅವು ಒಳಗೆ ಬದುಕಿವೆ ಅಪ್ಪ. ನಿನ್ನ ಒಂದು ಮರ್ಯಾದೆಗೆ ಎಷ್ಟು ಜೀವ ಹೋಗಬೇಕು ಹೇಳು?”

ಅಪ್ಪ ಕೈಗಳೆರಡನ್ನೂ ಚಕ್ರಗಳ ಮೇಲಿಟ್ಟು ಎದುರಿನ ಮೆಟ್ಟಿಲನ್ನೇ ನೋಡುತ್ತಾ ಕೂತ. ಮಾತು ಬಾಯಿಂದ ಜಾರಿದೊಡನೆ ಮರಿಯಕ್ಕನಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆಡಿದ ಮಾತು, ಒಡೆದ ಮೊಟ್ಟೆ. ನಿಂತು ಸಮಾಧಾನ ಹೇಳಲು ಪುರುಸೊತ್ತಿಲ್ಲದೆ ಮತ್ತೆ ಮೆಟ್ಟಿಲೇರಿದಳು.

ಈ ಸಲ ಅವಳು ಬೇಡುವುದನ್ನು ಬಿಟ್ಟಳು. ಹತ್ತುವಾಗ ಎರಡನೇ ಮಹಡಿಯ ತಿರುವಿನಲ್ಲಿ ಉಸಿರು ಸುಧಾರಿಸಿಕೊಳ್ಳಲು ನಿಂತವಳ ಕಣ್ಣಿಗೆ ನೀರಿನ ಡ್ರಮ್ಮಿನ ಹಿಂದೆ ಅರ್ಧ ಮುಚ್ಚಿಹೋದ ಒಂದು ಫಲಕ ಬಿದ್ದಿತ್ತು. ಕೆಳಗಿನ ಕೌಂಟರಿನಲ್ಲಿ ಮೊದಲು ತೂಗುಹಾಕಿದ್ದೇ ಇರಬೇಕು. ಮೇಲೆ ಸಾಗಿಸುವಾಗ ಅಲ್ಲಿಗೇ ಕೈಬಿಟ್ಟಿದ್ದರು. ಗ್ರಾಹಕರ ಹಕ್ಕುಗಳು ಎಂಬ ತಲೆಬರಹ. ಡ್ರಮ್ಮನ್ನು ಮೊಣಕಾಲಿನಿಂದ ಸರಿಸಿ ಓದಿದಳು. ಏಳನೆಯ ಸಾಲು: ವೃದ್ಧರು, ರೋಗಿಗಳು ಹಾಗೂ ನಡೆಯಲಾರದವರಿಗೆ ನೆಲಮಹಡಿಯಲ್ಲಿ ಅಥವಾ ಅವರ ಮನೆಯಲ್ಲಿ ಸೇವೆ ಒದಗಿಸಲಾಗುವುದು. ಅವಳು ಅದರ ಫೋಟೋ ತೆಗೆದುಕೊಂಡಳು.

ಕಿಟಕಿಯ ಮುಂದೆ ಹೋಗಿ, ಒಂದು ಬಿಳಿ ಹಾಳೆಯನ್ನು ಗುಮಾಸ್ತನ ಕಡೆ ಸರಿಸಿದಳು.

“ಸಾರ್, ಆಗಲ್ಲ ಅಂತ ಹೇಳಿದ್ರಲ್ಲ, ಅದನ್ನೇ ಬರೆದುಕೊಡಿ. ಗ್ರಾಹಕ ಬಾಗಿಲಿಗೆ ಬಂದಿದ್ರು, ನಾವು ಕೆಳಗೆ ಹೋಗಲ್ಲ ಅಂದ್ವಿ, ಅಂತ. ಸಹಿ, ಮೊಹರು, ಟೈಮು. ಅಷ್ಟು ಸಾಕು.”

ಗುಮಾಸ್ತ ಪೆನ್ನು ಎತ್ತಿಕೊಂಡ. ಪೆನ್ನು ಹಾಳೆಯ ಹತ್ತಿರ ಬಂದು ನಿಂತಿತು. ‘ಆಗಲ್ಲ’ ಅನ್ನುವುದನ್ನು ದಿನಕ್ಕೆ ನೂರು ಸಲ ಹೇಳುತ್ತಿದ್ದವನಿಗೆ ಬರೆಯಲು ಹೋದಾಗ ಅದು ಬೇರೆಯದೇ ಮಾತಿನ ಹಾಗೆ ಕಂಡಿತೋ ಏನೋ. ಅವಳು ಫೋನಿನಲ್ಲಿದ್ದ ಫಲಕವನ್ನು ತೋರಿಸಿ ಏಳನೆಯ ಸಾಲನ್ನು ಸಾಲಿನವರಿಗೆಲ್ಲ ಕೇಳಿಸುವಂತೆ ಓದಿದಳು. ನೆಲದ ಮೇಲೆ ಕೂತಿದ್ದ ಮುದುಕಿ, ಇನ್ನೊಮ್ಮೆ ಓದವ್ವ ಅಂದಳು. ಮರಿಯಕ್ಕ ಇನ್ನೊಮ್ಮೆ ಓದಿದಳು. ಸಾಲಿನಲ್ಲಿ ಗುಸುಗುಸು ಎದ್ದಿತು. ಬಸುರಿ, ತಾನು ಮೂರನೆಯ ಸಲ ಬರುತ್ತಿರುವುದು ಅಂದಳು. ಗುಮಾಸ್ತ ಪೆನ್ನು ಕೆಳಗಿಟ್ಟು ಮ್ಯಾನೇಜರ ಕೋಣೆಯೊಳಗೆ ಹೋದ. ಹೋದವನು ಹೊರಗೆ ಬರಲಿಲ್ಲ. ಗಂಟೆ ಒಂದಾಯಿತು. ಯಾರೋ ಬಂದು ಕಿಟಕಿಯ ಪರದೆ ಎಳೆದು ಊಟದ ಫಲಕ ತೂಗುಹಾಕಿದರು.

ಮೂರನೆಯ ಫೋನು ಬಂದು ಮೂವತ್ಮೂರೂವರೆ ಅಂದಿತ್ತು. ಈಗಿನದು ಮೂವತ್ಮೂರು. ಬಾಟಲಿ ಬದಲಿಸುತ್ತಲೇ ಇದ್ದೇನೆ, ಆದರೆ ಸದ್ದು ಮೊದಲಿನಷ್ಟಿಲ್ಲ ಅಂದಳು ಅತ್ತೆ. ಗಲೀಜು ಪ್ರಾಣಿ ಅನ್ನುತ್ತಿದ್ದವಳು, ಗಾಜಿಗೆ ಕಿವಿಯಿಟ್ಟೇ ಮಾತಾಡುತ್ತಿದ್ದೇನೆ ಅಂದಳು.

ಆಗಲೇ ಮೆಟ್ಟಿಲ ಕಡೆಯಿಂದ ಗಲಾಟೆ ಕೇಳಿಸಿತು. ಯಾರೋ ಅಯ್ಯೋ ಬೇಡಿ ಅನ್ನುತ್ತಿದ್ದರು. ಮರಿಯಕ್ಕ ಕಂಬಿ ಹಿಡಿದು ಕೆಳಗೆ ಬಗ್ಗಿ ನೋಡಿದಳು.

ಅಪ್ಪ ಹತ್ತುತ್ತಿದ್ದ. ಮೇಲಕ್ಕೆ ಬೆನ್ನು ಮಾಡಿ, ಮೆಟ್ಟಿಲ ಮೇಲೆ ಕೂತು, ಎರಡು ಅಂಗೈಗಳನ್ನೂ ಹಿಂದಿನ ಮೆಟ್ಟಿಲಿಗೆ ಊರಿ, ಮೈಯನ್ನು ಎತ್ತಿ ಒಂದು ಮೆಟ್ಟಿಲು ಮೇಲಕ್ಕೆ ಕುಕ್ಕರಿಸುತ್ತಿದ್ದ. ಆಮೇಲೆ ಸತ್ತ ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎಳೆದುಕೊಳ್ಳುತ್ತಿದ್ದ. ಮತ್ತೆ ಅಂಗೈ ಊರುತ್ತಿದ್ದ. ಕಾವಲುಗಾರ ಪಕ್ಕದಲ್ಲೇ ಬಗ್ಗಿಕೊಂಡು ಕೈ ಚಾಚುವುದು, ಅಪ್ಪ ತಲೆಯಾಡಿಸುವುದು, ಅವನು ಕೈ ಹಿಂದೆಗೆಯುವುದು. ಹಳೆಯ ಕಲ್ಲಿನ ಮೆಟ್ಟಿಲು, ಅಂಚೆಲ್ಲ ಹರಳು ಹರಳು. ಅಪ್ಪ ದಾಟಿಬಂದ ಮೆಟ್ಟಿಲುಗಳ ಮೇಲೆ ಎರಡೂ ಬದಿಗೆ ಕೆಂಪು ಗುರುತುಗಳಿದ್ದವು.

ಅವಳು ಓಡಿ ಇಳಿದಳು. ಹತ್ತೊಂಬತ್ತನೆಯ ಮೆಟ್ಟಿಲಿನಲ್ಲಿ ಅವನ ಬೆನ್ನ ಹಿಂದೆ ಕೂತು ಭುಜಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಂಗಿ ಬೆವರಿನಿಂದ ತೊಯ್ದು ತೊಪ್ಪೆಯಾಗಿತ್ತು. ಎದೆ ತಿದಿಯಂತೆ ಏರಿಳಿಯುತ್ತಿತ್ತು.

“ನೀನು ಹೇಳಿದ್ದು ಸರಿ,” ಅಂದ ಅಪ್ಪ, ಉಸಿರಿನ ನಡುವೆ. “ಹೊರೋದು ಬೇಡ. ಕೈ ಇದೆಯಲ್ಲ.”

ಮರಿಯಕ್ಕನಿಗೆ ತಾನಾಡಿದ ಮಾತು ನೆನಪಾಯಿತು. ಇನ್ನು ಮೂವತ್ತೈದು ಮೆಟ್ಟಿಲು. ಹತ್ತಿಬಿಡುತ್ತಾನೆ, ಅಷ್ಟು ಹಟ ಇದೆ. ಅಥವಾ ನಡುವೆ ಎಲ್ಲೋ ಎದೆ ನಿಂತುಹೋಗುತ್ತದೆ. ಎರಡೂ ಅವಳ ಕಣ್ಣ ಮುಂದೆ ಬಂದವು. ಜೊತೆಗೆ ಒಳಕೋಣೆಯ ಕತ್ತಲಲ್ಲಿ ತಣ್ಣಗಾಗುತ್ತಿರುವ ಪೆಟ್ಟಿಗೆಯೂ ಬಂತು. ಅವಳು ಎಷ್ಟು ಹೊತ್ತು ಯೋಚಿಸಿದಳೋ, ಬಹುಶಃ ಎರಡು ಉಸಿರಿನಷ್ಟು.

“ಸಾಕು ಅಪ್ಪ,” ಅಂದಳು. “ನೀನು ಹತ್ತೋದಷ್ಟು ಹತ್ತಿದೀಯ. ಮಿಕ್ಕಿದ್ದು ಅವರು ಇಳೀಲಿ. ಇಲ್ಲೇ ಕೂರು.”

ಅಪ್ಪ ತಲೆಯೆತ್ತಿ ಅವಳ ಮುಖ ನೋಡಿದ. ಆಮೇಲೆ ಮೆಟ್ಟಿಲಿಗೆ ಅಡ್ಡಲಾಗಿ ತಿರುಗಿ, ಬೆನ್ನನ್ನು ಗೋಡೆಗೆ ಕೊಟ್ಟು, ಕಾಲುಗಳನ್ನು ಎಳೆದು ಕಂಬಿಯ ತನಕ ಚಾಚಿಕೊಂಡ. ಅಷ್ಟೇನೂ ಅಗಲವಿಲ್ಲದ ಮೆಟ್ಟಿಲು. ಅವನನ್ನು ದಾಟದೆ ಯಾರೂ ಮೇಲೆ ಹೋಗುವಂತಿರಲಿಲ್ಲ, ಕೆಳಗೆ ಬರುವಂತಿರಲಿಲ್ಲ.

ಊಟಕ್ಕೆ ಹೊರಟ ಸಿಬ್ಬಂದಿ ಮೊದಲು ಬಂದರು. ಮುದುಕನ ಕಾಲುಗಳನ್ನು ದಾಟಲು ಯಾರಿಗೂ ಮನಸ್ಸು ಬರಲಿಲ್ಲ. ನಾಲ್ಕು ಜನ ನಿಂತರು, ಎಂಟು ಜನ ಆದರು, ಹಿಂದಿನವರು ಏನಾಯಿತು ಎಂದು ಕೇಳಿದರು. ಸಿಬ್ಬಂದಿಯಲ್ಲೊಬ್ಬ ಕಾವಲುಗಾರನನ್ನು ಕರೆದು, ಇವರನ್ನು ಎತ್ತಿ ಪಕ್ಕಕ್ಕೆ ಕೂರಿಸು ಅಂದ. ಕಾವಲುಗಾರ ತನ್ನ ಕೆಲಸ ಬಾಗಿಲು ಕಾಯುವುದು, ಮೆಟ್ಟಿಲು ತನಗೆ ಸೇರಿದ್ದಲ್ಲ ಎಂದು ಹೇಳಿ ಕೈಕಟ್ಟಿ ನಿಂತ. ಮೇಲಿನ ಸಾಲಿನವರೂ ಬಂದು ಕಂಬಿಗೆ ಒರಗಿದ್ದರು. ಮುದುಕಿ ಊರುಗೋಲನ್ನು ಮಡಿಲಲ್ಲಿಟ್ಟುಕೊಂಡು ಮೇಲಿನ ಮೆಟ್ಟಿಲೊಂದರಲ್ಲಿ ತಾನೂ ಕೂತುಬಿಟ್ಟಳು. ಕರೆಯದೆ ಮೀಟಿಂಗು ಮುಗಿಯಿತು.

ಮ್ಯಾನೇಜರ್ ಐವತ್ತರ ಆಸುಪಾಸಿನ ಹೆಂಗಸು. ಗುಂಪನ್ನು ಸರಿಸುತ್ತಾ ಬಂದವರು ಮೊದಲು ನೋಡಿದ್ದು ಅಪ್ಪನ ಮುಖವನ್ನಲ್ಲ, ಅಂಗೈಗಳನ್ನು. ಅವರ ಬಾಯಲ್ಲಿ ಸಿದ್ಧವಾಗಿದ್ದ ಮಾತು ಅಲ್ಲೇ ನಿಂತಿತು.

“ಇದೇನು ಮಾಡ್ಕೊಂಡ್ರಿ,” ಅಂದರು. “ಹೇಳಿದ್ರೆ ಏನಾದ್ರೂ ವ್ಯವಸ್ಥೆ ಮಾಡ್ತಿದ್ವಿ.”

ಮರಿಯಕ್ಕ ಮೊಹರು ಬಿದ್ದ ಎರಡು ಅರ್ಜಿಗಳನ್ನು ಎತ್ತಿ ಹಿಡಿದಳು. ಮ್ಯಾನೇಜರ್ ತಾರೀಖು ಓದಿ ಗುಮಾಸ್ತನ ಕಡೆ ನೋಡಿದರು, ಗುಮಾಸ್ತ ನೆಲ ನೋಡಿದ. ನಿಯಮ ತಾನು ಮಾಡಿದ್ದಲ್ಲ, ಯಂತ್ರ ಕದಲಿಸಿದರೆ ಮೇಲಿಂದ ತನ್ನನ್ನು ಕೇಳುತ್ತಾರೆ ಎಂದು ಮ್ಯಾನೇಜರ್ ತಗ್ಗಿದ ದನಿಯಲ್ಲಿ ಹೇಳತೊಡಗಿದಾಗ ಅಪ್ಪ ಬಾಯಿ ತೆರೆದ.

“ತಾಯಿ, ನಾನು ಮೂವತ್ತು ವರ್ಷ ಬಸ್ಸು ಓಡಿಸಿದವನು. ಮುದುಕರು ಕೈ ಅಡ್ಡ ಹಿಡಿದ್ರೆ ಸ್ಟಾಪ್ ಇಲ್ಲದ ಕಡೇಲೂ ನಿಲ್ಲಿಸ್ತಿದ್ದೆ. ನನ್ನನ್ನೂ ಮೇಲಿನೋರು ಕೇಳ್ತಿದ್ರು. ಉತ್ತರ ಹೇಳ್ಕೋತಿದ್ದೆ.”

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಯಂತ್ರ ಬಿಚ್ಚಿ ತರುವಂತೆ ಗುಮಾಸ್ತನಿಗೆ ಸನ್ನೆ ಮಾಡಿದರು.

ಮೇಜಿಗೆ ಜೋಡಿಸಿದ್ದೆಂದು ಹೇಳಿದ ಆ ಯಂತ್ರ ಸಾಬೂನಿನ ಡಬ್ಬಿಯಷ್ಟಿತ್ತು. ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪನ್ನೂ ಹಿಡಿದು ಗುಮಾಸ್ತ ಇಳಿದು ಬಂದು, ಅಪ್ಪನ ಪಕ್ಕ ಮೆಟ್ಟಿಲ ಮೇಲೆ ಕುಕ್ಕುರುಗಾಲಲ್ಲಿ ಕೂತ. ಅಪ್ಪ ಬಲಗೈ ಹೆಬ್ಬೆರಳು ಇಟ್ಟ. ಕೆಂಪು ದೀಪ ಹತ್ತಿತು. ಒರೆಸಿ ಮತ್ತೆ ಇಟ್ಟ. ಕೆಂಪು. ಕಲ್ಲಿನ ಮೇಲೆ ಊರಿ ಊರಿ ಹೆಬ್ಬೆರಳಿನ ಚರ್ಮವೇ ಎದ್ದುಹೋಗಿತ್ತು. ಬದುಕಿದ್ದೇನೆ ಎಂದು ತೋರಿಸಲು ಹತ್ತಿಬಂದವನ ಗುರುತನ್ನು ಮೆಟ್ಟಿಲುಗಳೇ ಒರೆಸಿಹಾಕಿದ್ದವು.

ಗುಮಾಸ್ತನ ಹಣೆಯಲ್ಲಿ ಬೆವರೊಡೆಯಿತು. ತೋರುಬೆರಳು ಇಡಿಸಿದ, ಕೆಂಪು. ನಡುಬೆರಳು, ಕೆಂಪು. ಬಸುರಿ ತನ್ನ ಚೀಲದಿಂದ ನೀರಿನ ಬಾಟಲಿ, ಬಿಳಿ ಕರವಸ್ತ್ರ ಕೊಟ್ಟಳು. ಮರಿಯಕ್ಕ ಎಡಗೈಯ ಬೆರಳುಗಳನ್ನು ಒಂದೊಂದಾಗಿ ತೊಳೆದು, ಊದಿ ಆರಿಸಿದಳು. ಅಪ್ಪನ ಮಣಿಕಟ್ಟು ಹಿಡಿದು ಒತ್ತಿದಳು. ಹೆಬ್ಬೆರಳು ಆಗಲಿಲ್ಲ. ತೋರುಬೆರಳು ಆಗಲಿಲ್ಲ. ಫೋನು ಹೊಡೆದುಕೊಳ್ಳುತ್ತಿತ್ತು, ಅವಳು ಎತ್ತಲಿಲ್ಲ. ಉಂಗುರದ ಬೆರಳಿಗೆ ದೀಪ ಒಂದು ಕ್ಷಣ ತಡೆದು, ಹಸಿರಾಯಿತು. ಗುಮಾಸ್ತ ಪರದೆಯನ್ನು ಎರಡು ಸಲ ನೋಡಿ, ಬಂತು ಅಂದ. ಮೆಟ್ಟಿಲುದ್ದಕ್ಕೂ ಜನ ಉಸಿರು ಬಿಟ್ಟದ್ದು ಕೇಳಿಸಿತು.

ಆದರೆ ಅದೂ ಕೊನೆಯಲ್ಲ. ಮರುಜೋಡಣೆ ಇಪ್ಪತ್ತನಾಲ್ಕು ಗಂಟೆಯೊಳಗೆ ಆಗುತ್ತದೆ ಎಂದು ಪರದೆಯ ಮೇಲಿದ್ದುದನ್ನು ಗುಮಾಸ್ತ ಮೆಲ್ಲಗೆ ಓದಿದ. ಮರಿಯಕ್ಕ ಫೋನು ಎತ್ತಿ ಅತ್ತೆಗೆ ಹಚ್ಚಿ, ಏನೂ ಹೇಳದೆ ಮ್ಯಾನೇಜರ ಕೈಗೆ ಕೊಟ್ಟಳು. ಅತ್ತೆ ಅತ್ತ ಕಡೆ ಯಾರಿದ್ದಾರೆಂದು ತಿಳಿಯದೆ, ಮೂವತ್ತೆರಡಾಯ್ತು, ಒಂದೆರಡು ಮಾತ್ರ ಕೂಗ್ತಿವೆ, ಬೇಗ ಏನಾದರೂ ಮಾಡೇ ಎಂದು ಅಳುತ್ತಾ ಹೇಳಿದಳು. ಮ್ಯಾನೇಜರ್ ಕೇಳಿಸಿಕೊಂಡರು. ಫೋನನ್ನು ವಾಪಸು ಕೊಟ್ಟು, ತಮ್ಮದನ್ನು ತೆಗೆದು ಲೈನ್‌ಮನ್‌ಗೆ ಕರೆ ಮಾಡಿದರು.

ಫ್ಯಾನು ತಿರುಗಿತೆಂದು ತನ್ನ ತಂಗಿ ಹೇಳುವ ತನಕ ಈ ಮೆಟ್ಟಿಲು ಬಿಟ್ಟು ಏಳುವುದಿಲ್ಲ ಅಂದ ಅಪ್ಪ. ಹಟಕ್ಕೆ ಹೇಳಿದ್ದಲ್ಲ, ಏಳುವ ಶಕ್ತಿಯೂ ಉಳಿದಿರಲಿಲ್ಲ. ಹನ್ನೆರಡು ನಿಮಿಷ ಎಲ್ಲರೂ ಹಾಗೇ ನಿಂತಿದ್ದರು. ಎರಡು ಗಂಟೆಗೆ ಅತ್ತೆಯ ಫೋನು ಬಂತು. ಅವಳು ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದಿದ್ದಳು. ಮರಿಯಕ್ಕ ಅದನ್ನು ಅಪ್ಪನ ಕಿವಿಗೆ ಇಟ್ಟಳು. ಗುಂಯ್ ಎಂಬ ಸದ್ದು ಅವಳಿಗೂ ಕೇಳುತ್ತಿತ್ತು.

ಇಳಿಯುವಾಗಲೂ ಅಪ್ಪ ಹೊರಿಸಿಕೊಳ್ಳಲಿಲ್ಲ. ಅಂಗೈಗೆ ಕರವಸ್ತ್ರ ಸುತ್ತಿಕೊಂಡು ಒಂದೊಂದೇ ಮೆಟ್ಟಿಲು ಜಾರಿದ. ಮರಿಯಕ್ಕ ಅವನಿಗಿಂತ ಒಂದು ಮೆಟ್ಟಿಲು ಕೆಳಗೆ, ಅವನ ಪಾದಗಳನ್ನು ಹಿಡಿದು ಇಳಿಸುತ್ತಾ ಬಂದಳು. ದಾರಿಯಲ್ಲಿ ಗಾಡಿಯೊಳಗೆ, ತಾನು ಹಾಗೆ ಅನ್ನಬಾರದಿತ್ತು ಅಂದಳು. ಅಪ್ಪ, ಅನ್ನದಿದ್ದರೆ ತಾನು ಇವತ್ತೂ ಗೋಡೆ ನೋಡುತ್ತಾ ಕೂತಿರುತ್ತಿದ್ದೆ ಅಂದ. ಅವರಿಬ್ಬರ ನಡುವೆ ಆ ವಿಷಯ ಮತ್ತೆ ಬರಲಿಲ್ಲ.

ಮೊಟ್ಟೆಗಳು ಒಂದು ದಿನ ತಡವಾಗಿ ಒಡೆದವು. ಮುನ್ನೂರ ಹದಿನಾರು ಮರಿಗಳು ಬಂದವು. ಮಿಕ್ಕವು ಬರಲಿಲ್ಲ. ಅವುಗಳಲ್ಲಿ ಎಷ್ಟೋ ಚಿಪ್ಪುಗಳಿಗೆ ಒಳಗಿನಿಂದ ಕುಕ್ಕಿದ ತೂತುಗಳಿದ್ದವು. ಅತ್ತೆ ಮೂರು ದಿನ ಅವನ್ನು ಎಸೆಯಲು ಬಿಡಲಿಲ್ಲ, ಇನ್ನೊಂದು ದಿನ ನೋಡೋಣ ಅನ್ನುತ್ತಲೇ ಇದ್ದಳು. ನಾಲ್ಕನೆಯ ದಿನ ಮರಿಯಕ್ಕ ಅವನ್ನು ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚಿ, ಕೈತೊಳೆದು ಬಂದು, ಗ್ರಾಹಕರ ನ್ಯಾಯಾಲಯಕ್ಕೆ ದೂರು ಬರೆಯಲು ಕೂತಳು. ಅಪ್ಪ ಪಕ್ಕದಲ್ಲಿ ಕೂತು, ಮೊಟ್ಟೆಯ ವಿಷಯ ಆಮೇಲೆ ಬರಿ, ಮೊದಲು ಲಿಫ್ಟಿಗೆ ಬೀಗ ಹಾಕಿದ್ದನ್ನು ಬರಿ ಎಂದು ಹೇಳಿಕೊಟ್ಟ.

ವಿಚಾರಣೆ ನಡೆದದ್ದು ಏಳು ತಿಂಗಳ ನಂತರ. ಕಂಪನಿಯ ವಕೀಲರು, ಇದು ಒಂದು ಒಂಟಿ ಪ್ರಕರಣ, ಅಚಾತುರ್ಯದಿಂದ ಆದದ್ದು ಅಂದರು. ಸಾಕ್ಷಿ ಹೇಳಲು ಬಂದಿದ್ದ ಗುಮಾಸ್ತನನ್ನು ನ್ಯಾಯಾಧೀಶರು, ಖುದ್ದು ಬರಲಾರದ ಕಾರಣಕ್ಕೆ ಇನ್ನೆಷ್ಟು ಮನೆಗಳ ಕರೆಂಟು ಕಿತ್ತಿದ್ದೀರಿ ಎಂದು ಕೇಳಿದರು. ಗುಮಾಸ್ತ ವಕೀಲರ ಮುಖ ನೋಡಲಿಲ್ಲ. ಚೀಲದಿಂದ ಒಂದು ಪಟ್ಟಿ ತೆಗೆದು ಮುಂದಿಟ್ಟ. ಇನ್ನೂರ ಹನ್ನೆರಡು ಮನೆ.

ಆದೇಶ ಬಂತು. ಕೌಂಟರ್ ಕೆಳಗಿಳಿಯಬೇಕು, ಅಲ್ಲಿಯವರೆಗೆ ಕಂಪನಿಯವರೇ ಮನೆಮನೆಗೆ ಹೋಗಬೇಕು, ಕಿತ್ತ ಕರೆಂಟನ್ನು ಹದಿನೈದು ದಿನದೊಳಗೆ ಮತ್ತೆ ಕೊಡಬೇಕು ಎಂದಿತ್ತು. ಮರಿಯಕ್ಕನಿಗೆ ಪರಿಹಾರವೂ ಸಿಕ್ಕಿತು, ಹೇಳಿಕೊಳ್ಳುವಂಥದ್ದಲ್ಲ. ಕಂಪನಿ ಮೇಲ್ಮನವಿ ಹಾಕುತ್ತೇವೆ ಅಂದಿತು. ಹಾಕಿತೋ ಬಿಟ್ಟಿತೋ, ಅಂತೂ ಸೋಫಾ ಅಂಗಡಿಯ ಒಂದು ಮೂಲೆ ತೆರವಾಗಿ ಅಲ್ಲೊಂದು ಕಿಟಕಿ ಬಂತು.

ಆದೇಶ ಬಂದ ದಿನ ನ್ಯಾಯಾಲಯದಿಂದ ಮನೆಗೆ ಬರುವಾಗ ಅಪ್ಪ ಅದರ ಪ್ರತಿಯನ್ನು ಕೈಬಿಡದೆ ಹಿಡಿದಿದ್ದ. ಇನ್ನೂರ ಹನ್ನೆರಡು ಅನ್ನುವುದು ಅವನ ತಲೆಯಲ್ಲಿ ಕೂತಿತ್ತು. ಆದೇಶದ ಪ್ರತಿಯ ಕೊನೆಯಲ್ಲಿ ಆ ಪಟ್ಟಿಯನ್ನು ಲಗತ್ತಿಸಿದ್ದರು, ಹೆಸರು, ವಿಳಾಸ, ಫೋನ್ ನಂಬರು ಸಮೇತ. ಹದಿನೈದು ದಿನದ ಗಡುವು ಮುಗಿದು, ಹದಿನಾರನೆಯ ದಿನ ಬೆಳಿಗ್ಗೆ ಅವನು ಪಟ್ಟಿಯನ್ನು ತೊಡೆಯ ಮೇಲೆ ಹರಡಿಕೊಂಡು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಮರಿಯಕ್ಕನ ಫೋನು ಕೇಳಿದ. ಅವಳು ಪೆಟ್ಟಿಗೆಯಲ್ಲಿ ಹೊಸ ಮೊಟ್ಟೆ ಜೋಡಿಸುತ್ತಿದ್ದಳು. ಯಾರಿಗೆ ಮಾಡುತ್ತೀಯ ಎಂದು ಅವಳು ಕೇಳುವಷ್ಟರಲ್ಲಿ ಅವನು ಪಟ್ಟಿಯ ಮೊದಲ ನಂಬರು ಒತ್ತಿಯಾಗಿತ್ತು. ಅತ್ತ ಕಡೆ ಯಾರೋ ಎತ್ತಿದರು, ಕ್ಷೀಣವಾದ ಒಂದು ದನಿ.

“ನೀವು ನನ್ನನ್ನ ನೋಡಿಲ್ಲ,” ಅಂದ ಅಪ್ಪ. “ಒಂದು ವಿಷಯ ಕೇಳೋಣ ಅಂತ ಮಾಡಿದೆ. ನಿಮ್ಮನೆಗೆ ಕರೆಂಟು ಬಂತಾ?”